ಕಜ್ಜಿಗೆ ಜಾತಿ ಇಲ್ಲ, ಮುಲಾಮಿಗೆ ಇದೆ

ಈ ಸಂಚಿಕೆಗೆ ನಮ್ಮಿಂದ ಕವಿತೆ ಕೇಳಿದರು. ಕಜ್ಜಿಯ ಮೇಲೆ ಬರೆದು ಕೊಡ್ತೀವಿ ಅಂದೆವು. ಹೇನಿನ ಮೇಲೂ. ಕೇಳಿಸಿಕೊಂಡ ಗೆಳೆಯನೊಬ್ಬ ‘ಭೂಮಿ ಹೋರಾಟ ಅದೆ, ಮೀಸಲಾತಿ ಅದೆ, ಅಟ್ರಾಸಿಟಿ ಕೇಸುಗಳವೆ, ಎಲ್ಲಾ ಬುಟ್ಟು ಕಜ್ಜಿ ಕೆರ್ಕಂಡು ಕೂತ್ಕಳದಾ?’ ಅಂದ. ಗೆಳೆಯಾ, ಕೆರ್ಕಂಡೇ ಬೆಳೆದವರು ನಾವು. ನೀನೂ. ಬೆರಳ ಸಂದಿಯ ಕಲೆ ಇನ್ನೂ ಮಾಸಿಲ್ಲ. ಮೈಯೊಳಗೆ ಬಿಲ ತೋಡಿ ಕೂತ ಹುಳದ ಬಗ್ಗೆ ಮಾತಾಡಲು ನಾಚಿಕೊಳ್ಳುವ ಸಾಹಿತ್ಯ ನಮ್ಮ ಸಾಹಿತ್ಯ ಹೇಗಾಗುತ್ತದೆ? 1973ರಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದಾಗ ಬೀದಿಗಿಳಿದು ನಮ್ಮ ಹುಡುಗರ ಮೇಲೆ ಕೈ ಮಾಡಿದವರ ಸಾಹಿತ್ಯದಲ್ಲಿ ಮೈಯೆಂದರೆ ಕೇದಗೆ, ಮೈಯೆಂದರೆ ತಾವರೆ. ಕಜ್ಜಿ ಹಿಡಿದ ಮೈ ಅಲ್ಲಿ ಎಲ್ಲಿದೆ? ಇದ್ದರೆ ಬೈಗುಳವಾಗಿ ಇದೆ. ‘ಕಜ್ಜಿನಾಯಿ’.

ಈ ರೋಗದ ತುರಿಕೆ ರಾತ್ರಿಯಲ್ಲೇ ಜಾಸ್ತಿ. ದೀಪ ಆರಿಸಿ, ಕಂಬಳಿ ಹೊದ್ದು, ಮೈ ಬೆಚ್ಚಗಾದ ಮೇಲೆ ಶುರು. ನಮ್ಮ ಕೇರಿಯ ಗುಡಿಸಲುಗಳಲ್ಲಿ ಮಧ್ಯರಾತ್ರಿ ಕಿವಿಗೊಟ್ಟು ಕೇಳಿ, ಉಗುರಿನ ಸದ್ದು ಕೇಳುತ್ತದೆ. ನಿದ್ದೆಗೆಟ್ಟ ಮಗು ಬೆಳಿಗ್ಗೆ ಶಾಲೆಯಲ್ಲಿ ತೂಕಡಿಸುತ್ತದೆ. ‘ಓದೋಕೆ ಬಂದಿದ್ದೀಯೋ, ಮಲಗೋಕೆ ಬಂದಿದ್ದೀಯೋ’ ಅಂತ ಮೇಷ್ಟ್ರು ಕೋಲು ತೆಗೆಯುತ್ತಾರೆ. ಅಮೇಲೆ ಕೈ ನೋಡುತ್ತಾರೆ. ನೋಡಿದ ಕೂಡಲೆ ಹಿಂದಿನ ಬೆಂಚಿಗೆ. ಹಿಂದೆ ಕೂರುವುದು ನಮ್ಮ ಅಪ್ಪಂದಿರಿಗೂ ಗೊತ್ತಿತ್ತು, ತಾತಂದಿರಾದರೆ ಜಗುಲಿಯ ಹೊರಗೇ ಕೂತವರು. ಈಗ ಅದಕ್ಕೆ ಆರೋಗ್ಯ ಶಿಕ್ಷಣ ಎಂಬ ಹೆಸರಿಟ್ಟಿದ್ದಾರೆ, ಅಷ್ಟೇ ವ್ಯತ್ಯಾಸ.

‘ನೀವು ಸ್ನಾನ ಮಾಡಲ್ಲ, ಅದಕ್ಕೇ ಕಜ್ಜಿ.’ ಎಷ್ಟು ಸಲ ಕೇಳಿಲ್ಲ ಈ ಮಾತನ್ನ! ಬಾವಿಯ ಹಗ್ಗ ಮುಟ್ಟಿದರೆ ಕೈ ಮುರಿದವರು, ಕೆರೆಯ ಏರಿ ಹತ್ತಿದರೆ ದಂಡ ಹಾಕಿದವರು ನಮಗೆ ಸ್ನಾನದ ಪಾಠ ಹೇಳುತ್ತಾರೆ. ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿಯುವುದಕ್ಕೇ ಬಾಬಾಸಾಹೇಬರು 1927ರಲ್ಲಿ ಮಹಾಡಿನಲ್ಲಿ ಸಾವಿರಾರು ಜನರನ್ನು ಕಟ್ಟಿಕೊಂಡು ಹೋಗಬೇಕಾಯಿತು. ನೀರನ್ನು ಕಿತ್ತುಕೊಂಡವರೇ ಕೊಳಕರು ಎಂದು ಕರೆಯುವುದು ಈ ದೇಶದ ಹಳೆಯ ಕಸುಬು.

ಅದಿರಲಿ, ಈ ಆರೋಪ ಸುಳ್ಳು ಕೂಡಾ. ಕಜ್ಜಿ ಕೊಳೆಯಿಂದ ಬರುವುದಿಲ್ಲ. ಅದು ಅರ್ಧ ಮಿಲಿಮೀಟರ್ ಕೂಡ ಇಲ್ಲದ, ಎಂಟು ಕಾಲಿನ ಒಂದು ನುಸಿಯಿಂದ ಬರುತ್ತದೆ. ಹೆಣ್ಣು ನುಸಿ ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆಯುತ್ತಾ ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತದೆ. ಮೂರು ನಾಲ್ಕು ದಿನಕ್ಕೆ ಅವು ಒಡೆದು ಮರಿಗಳಾಗುತ್ತವೆ. ಮೈಯೆಲ್ಲಾ ಗುಳ್ಳೆ ಎದ್ದ ಹುಡುಗನ ಮೇಲೂ ಬದುಕಿರುವ ನುಸಿಗಳು ಸಾಮಾನ್ಯವಾಗಿ ಹತ್ತೋ ಹದಿನೈದೋ ಅಷ್ಟೇ. ಉಳಿದದ್ದೆಲ್ಲಾ ನುಸಿಗೆ, ಅದರ ಮೊಟ್ಟೆಗೆ, ಅದರ ಹೇಲಿಗೆ ನಮ್ಮ ಮೈ ತೋರಿಸುವ ಸಿಟ್ಟು. ಆ ಸಿಟ್ಟು ಬರೋಕೆ ಮೊದಲನೇ ಸಲವಾದರೆ ನಾಲ್ಕರಿಂದ ಆರು ವಾರ ಬೇಕು. ಈ ಒಂದು ವಿಷಯವನ್ನು ಮೇಷ್ಟ್ರುಗಳು ಗಟ್ಟಿಯಾಗಿ ಹಿಡಿದುಕೊಳ್ಳಬೇಕು: ಹುಡುಗ ಕೆರೆದುಕೊಳ್ಳೋಕೆ ಶುರು ಮಾಡುವ ಒಂದು ತಿಂಗಳ ಮುಂಚೆಯೇ ನುಸಿ ಅವನ ಮೈ ಸೇರಿರುತ್ತದೆ, ಪಕ್ಕದಲ್ಲಿ ಮಲಗಿದವನ ಮೈಗೂ ದಾಟಿರುತ್ತದೆ.

ದಾಟುವುದು ಹೇಗೆ? ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರಿಂದ, ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಕೆನೆತ್ ಮೆಲನ್‌ಬಿ ಎಂಬ ವಿಜ್ಞಾನಿ ಇದನ್ನು ಪರೀಕ್ಷೆ ಮಾಡಿ ನೋಡಿದ. ಕೊಲ್ಲುವ ಕೆಲಸಕ್ಕೆ ನಾವು ಬರಲ್ಲ ಎಂದು ಸೈನ್ಯ ಸೇರಲು ನಿರಾಕರಿಸಿದ ಯುವಕರು ಇದಕ್ಕೆ ತಮ್ಮ ಮೈಯನ್ನೇ ಒಪ್ಪಿಸಿದರು. ಕಜ್ಜಿ ಹಿಡಿದ ಸಿಪಾಯಿಗಳ ಒಗೆಯದ ಒಳಬಟ್ಟೆ ತೊಟ್ಟರು, ಅವರು ಹೊದ್ದ ಕಂಬಳಿಯಲ್ಲೇ ಮಲಗಿದರು. ತಿಂಗಳುಗಟ್ಟಲೆ ಹೀಗೆ ಮಾಡಿದರೂ ಕಜ್ಜಿ ಅಂಟಿದ್ದು ಬೆರಳೆಣಿಕೆಯ ಮಂದಿಗೆ. ಕಜ್ಜಿ ಇದ್ದವರ ಜೊತೆ ಒಂದೇ ಹಾಸಿಗೆಯಲ್ಲಿ ಮೈಗೆ ಮೈ ತಾಗಿಸಿ ಮಲಗಿದಾಗ ಅಂಟಿತು. ಅಂದರೆ ಕಜ್ಜಿಗೆ ಬೇಕಾದದ್ದು ಕೊಳೆಯಲ್ಲ, ಮೈಶಾಖ. ಇದು ಸೋಪಿನ ಪ್ರಶ್ನೆ ಅಲ್ಲ, ಜಾಗದ ಪ್ರಶ್ನೆ. ಒಂದು ಚಾಪೆಗೆ ಎಷ್ಟು ಮಂದಿ, ಒಂದು ಕೋಣೆಗೆ ಎಷ್ಟು ಚಾಪೆ, ಒಂದು ಕೇರಿಗೆ ಎಷ್ಟು ಗುಂಟೆ ಎಂಬ ಪ್ರಶ್ನೆ. ನಕ್ಕ ಗೆಳೆಯನಿಗೆ ಭೂಮಿಯ ಪ್ರಶ್ನೆ ಎಲ್ಲಿದೆ ಅಂತ ಈಗಲಾದರೂ ಕಂಡಿರಬೇಕು. ದಿನಾ ಮೂರು ಹೊತ್ತು ಮಡಿ ಉಟ್ಟು ಮೀಯುವವನ ಮಗನನ್ನೂ ನಮ್ಮ ಹಾಸ್ಟೆಲಿನ ಕೋಣೆಯಲ್ಲಿ ಎರಡು ತಿಂಗಳು ಮಲಗಿಸಿ, ಅವನೂ ಕೆರೆದುಕೊಳ್ಳುತ್ತಾನೆ.

ನುಸಿಯೇ ಕಾರಣ ಎಂದು ಇಟಲಿಯ ಬೊನೊಮೊ ಮತ್ತು ಚೆಸ್ಟೋನಿ ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದದ್ದು 1687ರಲ್ಲಿ. ಮುನ್ನೂರು ವರ್ಷದ ಮೇಲಾಯಿತು. ಆದರೆ ನಮ್ಮ ನಾಡಿನಲ್ಲಿ ಚರ್ಮದ ರೋಗಕ್ಕೆ ಇವತ್ತೂ ನಾಗದೋಷ ಎಂಬ ಹೆಸರು ಚಾಲ್ತಿಯಲ್ಲಿದೆ. ಅದಕ್ಕೆ ಪರಿಹಾರವೆಂದು ಕುಕ್ಕೆ ಸುಬ್ರಹ್ಮಣ್ಯದಲ್ಲಿ ಬ್ರಾಹ್ಮಣರು ಉಂಡೆದ್ದ ಎಂಜಲೆಲೆಯ ಮೇಲೆ ಜನ ಉರುಳಿದರು. ಮಡೆಸ್ನಾನ! ಎಂಜಲು ಮೈಗೆ ತಾಗಿದರೆ ತೊಗಲಿನ ರೋಗ ಹೋಗುತ್ತದಂತೆ. ಅದೇ ಬ್ರಾಹ್ಮಣನ ಮೈಗೆ ನಮ್ಮ ಮೈ ತಾಗಿದರೆ ಮಾತ್ರ ಅವನಿಗೆ ಸ್ನಾನ ಬೇಕು. ಯಾವ ವೈದ್ಯಶಾಸ್ತ್ರವಯ್ಯಾ ಇದು? 2014ರಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ತಡೆ ಕೊಟ್ಟಿತು. 2017ರಲ್ಲಿ ರಾಜ್ಯದ ಶಾಸನಸಭೆ ಕಾಯಿದೆ ಮಾಡಿತು, 2020ರ ಜನವರಿಯಲ್ಲಿ ಅದು ಜಾರಿಗೆ ಬಂತು, ಎಂಜಲೆಲೆಯ ಮೇಲೆ ಉರುಳಿಸುವುದು ಈಗ ಅಪರಾಧ. ಒಳ್ಳೆಯದು. ಆದರೆ ಎಲೆಯ ಮೇಲೆ ಉರುಳಬೇಡ ಎಂದ ಸರ್ಕಾರ ಉರುಳದೆ ಎದ್ದು ಬಂದವನ ಕೈಗೆ ಏನು ಕೊಟ್ಟಿತು? ಒಂದು ಟ್ಯೂಬು. ಅದೂ ಇದ್ದರೆ.

ಮುಲಾಮಿಗೆ ಜಾತಿ ಇದೆ ಎಂದು ನಾವು ಹೇಳುವುದು ಇಲ್ಲಿ. ಲೆಕ್ಕ ಹಾಕಿ ನೋಡೋಣ. ಇವತ್ತು ಕಜ್ಜಿಗೆ ಸಾಮಾನ್ಯವಾಗಿ ಮೊದಲು ಬರೆದುಕೊಡುವ ಮುಲಾಮು ಪರ್ಮೆಥ್ರಿನ್, ನೂರಕ್ಕೆ 5ರ ಪ್ರಮಾಣದ್ದು. ದೊಡ್ಡವರ ಮೈಗೆ ಕತ್ತಿನಿಂದ ಪಾದದವರೆಗೆ ಒಂದು ಸಲ ಬಳಿಯಲು ಸುಮಾರು 30 ಗ್ರಾಂ ಬೇಕು. ಮನೆಯಲ್ಲಿ ಮೂವರು ದೊಡ್ಡವರು, ಮೂರು ಮಕ್ಕಳು ಅಂತಿಟ್ಟುಕೊಳ್ಳಿ. ಮಕ್ಕಳಿಗೆ ಅರ್ಧ ಅಂದರೂ ಒಂದು ಸುತ್ತಿಗೆ 135 ಗ್ರಾಂ. ಒಂದು ವಾರ ಬಿಟ್ಟು ಇನ್ನೊಂದು ಸುತ್ತು ಹಚ್ಚಲೇಬೇಕು, ಒಟ್ಟು 270 ಗ್ರಾಂ. 30 ಗ್ರಾಮಿನ ಟ್ಯೂಬು ಒಂಬತ್ತು. ಕೂಲಿ ಮಾಡುವ ನಮ್ಮವ್ವ ಒಂದು ಟ್ಯೂಬು ತಂದು ಆರು ಮಂದಿಗೆ ಹಂಚುತ್ತಾಳೆ, ಕಡ್ಲೆಬೀಜ ಹಂಚಿದ ಹಾಗೆ. ಎಲ್ಲಿ ತುರಿಸ್ತದೋ ಅಲ್ಲಿಗೆ ಒಂದು ಬೊಟ್ಟು. ಒಂದು ವಾರ ಸುಮ್ಮನಿದ್ದ ಕಜ್ಜಿ ಮತ್ತೆ ಏಳುತ್ತದೆ. ‘ಇವರಿಗೆ ಎಷ್ಟು ಔಷಧಿ ಕೊಟ್ಟರೂ ಅಷ್ಟೇ’ ಎನ್ನುತ್ತಾನೆ ಕಂಪೌಂಡರ್. ಅಷ್ಟು ಕೊಟ್ಟರೆ ಅಷ್ಟೇ ಕಣಪ್ಪಾ.

ನಾವು ಓದಿದ ಒಂದು ಹಾಸ್ಟೆಲಿನ ಮಾತು ಹೇಳುತ್ತೇವೆ. ಕಜ್ಜಿ ಇದ್ದ ಹುಡುಗರನ್ನೆಲ್ಲಾ ಒಂದು ಭಾನುವಾರ ಚಡ್ಡಿಯಲ್ಲಿ ಅಂಗಳಕ್ಕೆ ನಿಲ್ಲಿಸಿದರು. ಹಾಲಿನಂಥ ಬಿಳಿ ಲೋಷನ್ ಒಂದು ಬಕೆಟಿಗೆ ಸುರಿದರು, ಬೆಂಜೈಲ್ ಬೆಂಜೋಯೇಟ್. ಗೋಡೆಗೆ ಸುಣ್ಣ ಬಳಿಯುವ ಬ್ರಷ್ಷು ತೆಗೆದುಕೊಂಡರು. ದನಕ್ಕೆ ಮೈ ತೊಳೆದ ಹಾಗೆ ತಿರುಗು, ಕೈ ಎತ್ತು, ಬಗ್ಗು. ಕೀವಾಗಿದ್ದ ಹುಡುಗರು ಉರಿ ತಡೆಯಲಾರದೆ ಚೀರಿಕೊಂಡು ನಲ್ಲಿಯ ಕಡೆ ಓಡಿದರು, ಹೋಗಿ ತೊಳೆದುಕೊಂಡೇ ಬಿಟ್ಟರು. ಹುಡುಗಿಯರ ಹಾಸ್ಟೆಲಿನ ಕಿಟಕಿಗಳಿಂದ ಎಲ್ಲಾ ಕಾಣುತ್ತಿತ್ತು. ಹದಿನೈದು ದಿನಕ್ಕೆ ಕಜ್ಜಿ ವಾಪಸ್ಸು ಬಂತು. ವಾರ್ಡನ್ನು ಕೈಮುಗಿದು ‘ಈ ಮುಂಡೇವು ಸುಧಾರಿಸಲ್ಲ’ ಅಂದರು.

ಆ ಅಂಗಳದಲ್ಲಿ ತಪ್ಪಿದ್ದು ಏನೇನು ಎಂದು ಇವತ್ತು ಬಿಡಿಸಿ ಹೇಳಬಲ್ಲೆವು. ಆ ಲೋಷನ್ನು ನೂರಕ್ಕೆ 25ರದ್ದು, ದೊಡ್ಡವರ ಪ್ರಮಾಣ. ಮಕ್ಕಳಿಗೆ ಸಮ ನೀರು ಬೆರೆಸಿ ಅರ್ಧಕ್ಕೆ ಇಳಿಸಬೇಕು, ಕೂಸುಗಳಿಗೆ ಇನ್ನೂ ಅರ್ಧಕ್ಕೆ. ಹಸಿ ಗಾಯದ ಮೇಲೆ ಬಳಿದರೆ ಯಾರಿಗಾದರೂ ಉರಿಯುತ್ತದೆ, ಕೀವಿದ್ದರೆ ಮೊದಲು ಅದಕ್ಕೆ ಡಾಕ್ಟರ ಬಳಿ ಔಷಧಿ ಆಗಬೇಕು. ಹಚ್ಚಿದ ಔಷಧಿ ಮೈಮೇಲೆ ಇಡೀ ದಿನ ನಿಲ್ಲಬೇಕು, ತೊಳೆದರೆ ಹಚ್ಚಿದ್ದು ದಂಡ. ಎಲ್ಲಕ್ಕಿಂತ ದೊಡ್ಡ ತಪ್ಪು ಕೆರೆದುಕೊಳ್ಳುವ ಹುಡುಗರನ್ನು ಮಾತ್ರ ನಿಲ್ಲಿಸಿದ್ದು. ನುಸಿ ಹತ್ತಿ ಇನ್ನೂ ತುರಿಕೆ ಶುರುವಾಗದವರು ಆವತ್ತು ವರಾಂಡದಲ್ಲಿ ನಿಂತು ನಗುತ್ತಿದ್ದರು. ರಾತ್ರಿ ಅದೇ ಚಾಪೆಗೆ ಬಂದು ಮಲಗಿದರು. ಸುಧಾರಿಸದೆ ಇದ್ದದ್ದು ಯಾರು, ನಾವೋ?

ಇನ್ನು ವಿಷದ ಮಾತು. ಇದನ್ನು ಮೆಲ್ಲಗೆ ಹೇಳಲಾಗುವುದಿಲ್ಲ. ಮುಲಾಮು ಕೈಗೆ ಎಟುಕದ ಮನೆಯಲ್ಲಿ ಮೂಲೆಯ ಡಬ್ಬ ಕೈಗೆ ಎಟುಕುತ್ತದೆ. ಗೌಡರ ಹೊಲಕ್ಕೆ ಹೊಡೆದು ಉಳಿದ ಬೆಳೆಯ ಔಷಧಿ, ತಿಗಣೆಯ ಔಷಧಿ, ಇರುವೆ ಪುಡಿ, ಸೀಮೆಎಣ್ಣೆ. ‘ಹತ್ತಿಯ ಹುಳಾನೇ ಸಾಯ್ತದೆ, ಹೇನು ಸಾಯಕ್ಕಿಲ್ವಾ?’ ಸಾಯ್ತದೆ ತಾಯಿ. ಮಗೂನೂ ಸಾಯ್ತದೆ. ಹೇನಿಗೆಂದು ಬೆಳೆಯ ಔಷಧಿಯನ್ನು ತಲೆಗೆ ಹಚ್ಚಿ ಮಕ್ಕಳು ಸತ್ತದ್ದು ವೈದ್ಯರ ಪತ್ರಿಕೆಗಳಲ್ಲಿ ದಾಖಲಾಗಿದೆ. ಚರ್ಮ ಗೋಡೆಯಲ್ಲ, ಜರಡಿ. ಮುಂಗೈಯ ಚರ್ಮಕ್ಕಿಂತ ತಲೆಯ ಚರ್ಮ ಹಲವು ಪಟ್ಟು ಹೆಚ್ಚು ಹೀರುತ್ತದೆ, ಕೆರೆದು ಗಾಯವಾದ ಚರ್ಮ ಅದಕ್ಕಿಂತ ಹೆಚ್ಚು. ಮಗುವಿನ ತೂಕ ಕಡಿಮೆ, ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಜಾಸ್ತಿ, ಹಾಗಾಗಿ ಅದೇ ಎರಡು ಚಮಚ ವಿಷ ಮಗುವಿಗೆ ನಾಲ್ಕು ಚಮಚದಂತೆ. ಆರ್ಗನೋಫಾಸ್ಫೇಟ್ ಜಾತಿಯ ಬೆಳೆ ವಿಷ ಒಳಗೆ ಹೋದರೆ ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಬೆವರು, ವಾಂತಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು, ಆಮೇಲೆ ಉಸಿರು ಕಟ್ಟುವುದು. ಹಾಗೇನಾದರೂ ಆದರೆ ಬಟ್ಟೆ ಬಿಚ್ಚಿ, ಸೋಪು ನೀರಲ್ಲಿ ತಲೆ ಮೈ ತೊಳೆದು, ಔಷಧಿಯ ಡಬ್ಬವನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಓಡಬೇಕು. ದೃಷ್ಟಿ ತೆಗೆಸುತ್ತಾ ಕೂರಬಾರದು. ತೊಳೆಯುವವರ ಬರಿಗೈಗೂ ಅದು ಹತ್ತುತ್ತದೆ, ಕೈಗೆ ಪ್ಲಾಸ್ಟಿಕ್ ಚೀಲವಾದರೂ ಸುತ್ತಿಕೊಳ್ಳಬೇಕು. ಸೀಮೆಎಣ್ಣೆಯೂ ಔಷಧಿಯಲ್ಲ. ತಲೆ ಸುಡುತ್ತದೆ, ಅದರ ಆವಿ ಎದೆಗೆ ಹೋಗುತ್ತದೆ, ಹಚ್ಚಿಕೊಂಡ ಹುಡುಗಿ ಒಲೆ ಮುಂದೆ ಕೂತರೆ ಏನಾಗುತ್ತದೆಂದು ಬರೆಯುವ ಅಗತ್ಯವಿಲ್ಲ.

ಬಡವರ ಮನೆಯಲ್ಲಿ ವಿಷ ಇರುವುದಕ್ಕೆ ಬಡವರನ್ನೇ ಬೈಯುವವರು ಒಂದು ಕತೆ ಕೇಳಬೇಕು. ನಮ್ಮ ಹಿರಿಯರು ಗಮಾಕ್ಸಿನ್ ಎಂದು ಕರೆದ ಬಿ.ಎಚ್.ಸಿ. ಪುಡಿಯನ್ನು ಹೊಲಕ್ಕೂ ಮನೆಗೂ ಹೊಡೆದ ಕಾಲ ಒಂದಿತ್ತು. ಅದರೊಳಗಿನ ಗಾಮಾ ಭಾಗವನ್ನೇ ಶುದ್ಧ ಮಾಡಿದರೆ ಲಿಂಡೇನ್. ಅದನ್ನೇ ನೂರಕ್ಕೆ 1ರ ಲೋಷನ್ ಮಾಡಿ ಗಾಮಾ ಬೆಂಜೀನ್ ಹೆಕ್ಸಾಕ್ಲೋರೈಡ್ ಎಂಬ ಹೆಸರಲ್ಲಿ ಕಜ್ಜಿಗೆ, ಹೇನಿಗೆ ಡಾಕ್ಟರುಗಳೇ ಬರೆದುಕೊಟ್ಟರು. ನರಗಳಿಗೆ ಹೋಗುವ ವಿಷ, ಹೆಚ್ಚಾದರೆ ಫಿಟ್ಸ್ ಬರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2002ರಲ್ಲಿ ಅದನ್ನು ಔಷಧಿಯಾಗಿ ಮಾರದಂತೆ ನಿಲ್ಲಿಸಿತು. 2003ರಲ್ಲಿ ಆ ದೇಶದ ಔಷಧ ನಿಯಂತ್ರಣ ಇಲಾಖೆ ಅದರ ಚೀಟಿಗೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ವಿಷಪಟ್ಟಿಗೆ ಲಿಂಡೇನ್ ಸೇರಿತು. ನಮ್ಮಲ್ಲಿ ಬಿ.ಎಚ್.ಸಿ. 1997ರಲ್ಲಿ ನಿಷೇಧವಾಯಿತು. ಲಿಂಡೇನನ್ನು ಕೀಟನಾಶಕವಾಗಿ ತಯಾರಿಸುವುದಕ್ಕೆ 2011ರಲ್ಲಿ, ಬಳಸುವುದಕ್ಕೆ 2013ರಲ್ಲಿ ತಡೆ ಬಿತ್ತು. ಬದನೆಕಾಯಿಯ ಹುಳಕ್ಕೆ ಬೇಡವಾದದ್ದು ನಮ್ಮ ಮಕ್ಕಳ ತೊಗಲಿಗೆ ಎಷ್ಟು ವರ್ಷ ಆಗಿಬಂತು ನೋಡಿ. ಹಳೆಯ ಬಾಟಲಿಯ ಮೇಲೆ ಆ ಹೆಸರು ಕಂಡರೆ ಮಕ್ಕಳಿಗೆ, ಬಸುರಿಯರಿಗೆ, ಫಿಟ್ಸ್ ಬರುವವರಿಗೆ ಮುಟ್ಟಿಸಲೇಬಾರದು. ಬಿಸಿನೀರು ಮಿಂದು ಬೆಚ್ಚಗಿರುವ ಮೈಗೆ ಹಚ್ಚಿದರೆ ಅದು ಇನ್ನೂ ಹೆಚ್ಚು ಒಳಗೆ ಇಳಿಯುತ್ತದೆ. ಕಜ್ಜಿಯ ಔಷಧಿಗೆ ಮುಂಚೆ ಬಿಸಿಬಿಸಿ ನೀರು ಹುಯ್ಕೊಂಡು ಉಜ್ಜಬೇಕೆಂಬ ಹಳೆಯ ಮಾತನ್ನು ಯಾವ ಔಷಧಿಗೂ ಪಾಲಿಸಬೇಡಿ. ತಣ್ಣಗೆ, ಒಣಗಿದ ಮೈಗೆ ಹಚ್ಚಿ.

ಪರ್ಮೆಥ್ರಿನ್ ಹಚ್ಚುವ ಕ್ರಮವನ್ನು ಹೇಳುತ್ತೇವೆ, ಟ್ಯೂಬಿನ ಮೇಲೆ ಇರುವೆ ಕಾಲಿನಷ್ಟು ಇಂಗ್ಲಿಷಿನಲ್ಲಿ ಬರೆದಿರುವುದು ಯಾರಿಗೆಂದು ನಮಗೆ ಗೊತ್ತಿಲ್ಲವಾದ್ದರಿಂದ. ರಾತ್ರಿ ಮಲಗುವ ಮುಂಚೆ, ಕತ್ತಿನಿಂದ ಕೆಳಗೆ ಇಡೀ ಮೈಗೆ. ತುರಿಸುವಲ್ಲಿ ಮಾತ್ರ ಅಲ್ಲ. ಬೆರಳ ಸಂದಿ, ಮಣಿಕಟ್ಟು, ಕಂಕುಳು, ಹೊಕ್ಕಳು, ಸೊಂಟದ ದಾರದ ಅಡಿ, ಮೊಲೆಯ ಸುತ್ತ, ಕುಂಡಿ, ಗುಪ್ತಾಂಗ, ಅಂಗಾಲು, ಉಗುರಿನಡಿ. ನಾಚಿಕೆಯ ಜಾಗವೇ ನುಸಿಗೆ ಪ್ರೀತಿಯ ಜಾಗ, ಅಲ್ಲಿ ಬಿಟ್ಟರೆ ಎಲ್ಲಾ ಬಿಟ್ಟ ಹಾಗೆ. ಎರಡು ವರ್ಷದೊಳಗಿನ ಮಕ್ಕಳಿಗೆ, ಮುದುಕರಿಗೆ ತಲೆ, ಕಿವಿಯ ಹಿಂದೆ, ಮುಖಕ್ಕೂ ಬೇಕು, ಕಣ್ಣು ಬಾಯಿ ಬಿಟ್ಟು. ಕೂಸು ಕೈ ಚೀಪುತ್ತದೆ, ಕೈಗೆ ಬಟ್ಟೆ ಕಟ್ಟಿ. ಎದೆಹಾಲು ಕುಡಿಸುವ ತಾಯಿ ಮೊಲೆತೊಟ್ಟನ್ನು ತೊಳೆದು ಕುಡಿಸಿ ಮತ್ತೆ ಹಚ್ಚಿಕೊಳ್ಳಲಿ. ಎಂಟರಿಂದ ಹದಿನಾಲ್ಕು ಗಂಟೆ ಹಾಗೇ ಇರಲಿ, ಮಧ್ಯೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಿ. ಬೆಳಿಗ್ಗೆ ಮಿಂದು ಒಗೆದ ಬಟ್ಟೆ ಹಾಕಿಕೊಳ್ಳಿ. ಒಂದು ವಾರದಿಂದ ಎರಡು ವಾರದೊಳಗೆ ಇನ್ನೊಮ್ಮೆ. ಅದಕ್ಕಿಂತ ಹೆಚ್ಚು ಸಲ, ‘ಬೇಗ ವಾಸಿಯಾಗಲಿ’ ಅಂತ ದಿನಾ ಹಚ್ಚಬಾರದು, ಚರ್ಮ ಕೆರಳಿ ಆ ತುರಿಕೆಯನ್ನೂ ಕಜ್ಜಿ ಅಂದುಕೊಳ್ಳುತ್ತೀರಿ. ಎರಡು ತಿಂಗಳೊಳಗಿನ ಕೂಸಿಗೆ ಈ ಮುಲಾಮನ್ನು ನೀವೇ ಹಚ್ಚಬೇಡಿ, ಡಾಕ್ಟರಿಗೆ ತೋರಿಸಿ. ಅವರಿಗೆ ಗಂಧಕದ ಮುಲಾಮು ಇದೆ, ಹಳೆಯದು, ನಾತದ್ದು, ಅಗ್ಗದ್ದು, ಮೂರು ರಾತ್ರಿ ಹಚ್ಚುವುದು, ಬಸುರಿಯರಿಗೂ ಆಗುತ್ತದೆ. ಬೇವಿನ ಸೊಪ್ಪು ಅರಿಶಿನವನ್ನು ನಾವು ಬೈಯುವುದಿಲ್ಲ, ಅವ್ವ ಅರೆದು ಹಚ್ಚಿದ್ದು ತಂಪೆನಿಸಿದ್ದು ನಿಜ. ಆದರೆ ಸಾಬೀತಾದ ಔಷಧಿ ಕೇಳುವ ಬಾಯಿಗೆ ಬೇವನ್ನು ತುರುಕಿ ‘ನಿಮ್ಮದೇ ಪರಂಪರೆ’ ಎಂದು ಹೊಗಳುವವರನ್ನು ನಂಬಬೇಡಿ. ತಮ್ಮ ಮಕ್ಕಳಿಗೆ ಅವರು ಚರ್ಮದ ಸ್ಪೆಷಲಿಸ್ಟನ್ನೇ ಹುಡುಕುತ್ತಾರೆ.

ಬಟ್ಟೆಗೆ ಡಿ.ಡಿ.ಟಿ. ಬೇಡ, ಕಂಬಳಿ ಸುಡುವುದು ಬೇಡ. ಮನುಷ್ಯನ ಮೈ ಬಿಟ್ಟರೆ ಈ ನುಸಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಒಗೆಯುವಂಥದ್ದನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ, ಆಗದ್ದನ್ನು ಗೊಬ್ಬರದ ಚೀಲವಲ್ಲದ ಯಾವುದಾದರೂ ಚೀಲದಲ್ಲಿ ಬಿಗಿದು ಒಂದು ವಾರ ಮೂಲೆಗಿಡಿ.

ಎಲ್ಲರಿಗೂ ಒಂದೇ ರಾತ್ರಿ ಔಷಧಿ. ಇದನ್ನು ನಾವು ಘೋಷಣೆಯಂತೆ ಕೂಗಬೇಕು. ಫಿಜಿ ದ್ವೀಪಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಸಾಕ್ಷಿ. ಒಂದು ದ್ವೀಪದಲ್ಲಿ ಕಜ್ಜಿ ಬಂದವರಿಗೆ ಮತ್ತು ಅವರ ಒಡನಾಡಿಗಳಿಗೆ ಮಾತ್ರ ಎಂದಿನಂತೆ ಮುಲಾಮು ಕೊಟ್ಟರು, ವರ್ಷದ ಮೇಲೆ ಕಜ್ಜಿ ನೂರಕ್ಕೆ 36.6ರಿಂದ 18.8ಕ್ಕೆ ಇಳಿಯಿತು. ಇನ್ನೊಂದು ಕಡೆ ಕಜ್ಜಿ ಇರಲಿ ಬಿಡಲಿ ಊರಿಗೆಲ್ಲಾ ಪರ್ಮೆಥ್ರಿನ್ ಹಚ್ಚಿಸಿದರು, 41.7ರಿಂದ 15.8ಕ್ಕೆ. ಮೂರನೆಯ ಕಡೆ ಊರಿಗೆಲ್ಲಾ ಐವರ್‌ಮೆಕ್ಟಿನ್ ಮಾತ್ರೆ ನುಂಗಿಸಿದರು, 32.1 ಇದ್ದದ್ದು 1.9ಕ್ಕೆ ಬಂತು. ಈ ಔಷಧಿಯ ಮೂಲವನ್ನು ಕಂಡುಹಿಡಿದ ಒಮುರಾ ಮತ್ತು ಕ್ಯಾಂಪ್‌ಬೆಲ್ಲರಿಗೆ ಅದೇ ವರ್ಷ ನೊಬೆಲ್ ಬಂತು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕಜ್ಜಿಯನ್ನು ಕಡೆಗಣಿಸಲ್ಪಟ್ಟ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು, 2019ರಲ್ಲಿ ಕಜ್ಜಿಗೆ ಐವರ್‌ಮೆಕ್ಟಿನನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಯಾವುದೇ ಹೊತ್ತಿನಲ್ಲಿ ಲೋಕದಲ್ಲಿ 20 ಕೋಟಿಗೂ ಹೆಚ್ಚು ಜನಕ್ಕೆ ಕಜ್ಜಿ ಇರುತ್ತದೆಂದು ಅದೇ ಸಂಸ್ಥೆಯ ಅಂದಾಜು. ಕಡೆಗಣಿಸಲ್ಪಟ್ಟ ರೋಗವಂತೆ! ಕಡೆಗಣಿಸಲ್ಪಟ್ಟದ್ದು ರೋಗವೋ, ರೋಗ ಬಂದ ಜನವೋ?

ಮಾತ್ರೆಯೆಂದು ಅಂಗಡಿಗೆ ಓಡಬೇಡಿ. ಅದು ತೂಕ ನೋಡಿ ಡಾಕ್ಟರು ಬರೆದುಕೊಡುವುದು, 15 ಕಿಲೋ ಒಳಗಿನ ಮಕ್ಕಳಿಗೂ ಬಸುರಿಯರಿಗೂ ಕೊಡುವುದಿಲ್ಲ. ಕುರಿಗೆ ದನಕ್ಕೆ ಕೊಡುವ ಬಾಟಲಿಯಲ್ಲೂ ಅದೇ ಹೆಸರಿರುತ್ತದೆ, ಅದರ ಸಾಂದ್ರತೆ ಬೇರೆ, ಅದು ಮನುಷ್ಯರಿಗಲ್ಲ.

ಇನ್ನೊಂದು ಮೋಸ ಬಿಳಿಯಾಗುವ ಕ್ರೀಮಿನದ್ದು. ಅಂಗಡಿಯವನು ತುರಿಕೆಗೆ ಕೊಡುವ ಎಷ್ಟೋ ಟ್ಯೂಬುಗಳಲ್ಲಿ ಬೀಟಾಮೆಥಾಸೋನ್, ಕ್ಲೋಬೆಟಸಾಲ್ ಎಂಬ ಸ್ಟೆರಾಯ್ಡ್ ಇರುತ್ತದೆ. ಹಚ್ಚಿದರೆ ತುರಿಕೆ ಸುಮ್ಮನಾಗುತ್ತದೆ, ನುಸಿ ಸುಮ್ಮನಾಗುವುದಿಲ್ಲ. ಮೈಯ ಸಿಟ್ಟನ್ನು ಮಲಗಿಸಿ ಶತ್ರುವನ್ನು ಒಳಗೆ ಬೆಳೆಸುವ ಔಷಧಿ. ಇಂಥ ರಾಜಕಾರಣ ನಮಗೆ ಬೇರೆ ಕಡೆಯೂ ಪರಿಚಯ ಉಂಟು. ಕೇಂದ್ರ ಸರ್ಕಾರ 2018ರಲ್ಲಿ ಇವನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ನಿಮ್ಮೂರ ಅಂಗಡಿಯಲ್ಲಿ ಚೀಟಿ ಕೇಳುತ್ತಾರಾ, ನೀವೇ ನೋಡಿ.

ಹೇನಿನ ಮಾತು ಸ್ವಲ್ಪದರಲ್ಲಿ ಮುಗಿಸುತ್ತೇವೆ. ಹೇನು ಹಾರುವುದಿಲ್ಲ, ನೆಗೆಯುವುದಿಲ್ಲ, ತಲೆಗೆ ತಲೆ ತಾಗಿದರೆ ನಡೆದುಕೊಂಡು ಬರುತ್ತದೆ. ತೊಳೆದ ತಲೆ, ತೊಳೆಯದ ತಲೆ ಎಂಬ ಭೇದ ಅದಕ್ಕಿಲ್ಲ. ಅದಕ್ಕೆ ಪರ್ಮೆಥ್ರಿನ್ ನೂರಕ್ಕೆ 1ರದ್ದು, ಕಜ್ಜಿಯ 5ರದ್ದಲ್ಲ. ತಲೆ ತೊಳೆದು ಒರೆಸಿ, ಹಚ್ಚಿ, ಹತ್ತು ನಿಮಿಷಕ್ಕೆ ತೊಳೆದುಬಿಡಬೇಕು, ರಾತ್ರಿಯೆಲ್ಲಾ ಕಟ್ಟಿ ಮಲಗಿಸುವುದಲ್ಲ. ಸೀರು ಉಳಿದು ಮರಿಯಾಗುತ್ತದೆ, ಅದಕ್ಕೇ ಒಂಬತ್ತು ದಿನದ ಮೇಲೆ ಇನ್ನೊಂದು ಸಲ. ಔಷಧಿ ಇಲ್ಲದವರು ಒದ್ದೆ ಕೂದಲಿಗೆ ಎಣ್ಣೆ ಸವರಿ ಸೀರಣಿಗೆಯಲ್ಲಿ ಮೂರು ದಿನಕ್ಕೊಮ್ಮೆ ಎರಡು ವಾರ ಬಾಚಿದರೂ ನಡೆಯುತ್ತದೆ, ತಾಳ್ಮೆ ಬೇಕು. ಹೇನಿದೆ ಎಂದು ಹುಡುಗಿಯರ ತಲೆ ಬೋಳಿಸುವ ಹಾಸ್ಟೆಲುಗಳಿವೆ. ಈ ನಾಡಿನಲ್ಲಿ ಹೆಣ್ಣಿನ ತಲೆ ಬೋಳಿಸುವುದಕ್ಕೆ ಏನೇನು ಅರ್ಥ ಇತ್ತೆಂದು ಗೊತ್ತಿದ್ದೇ ಅವರು ಕತ್ತರಿ ಎತ್ತುತ್ತಾರೆ. ತಲೆ ಹೇನಿನಿಂದ ಯಾವ ಜ್ವರವೂ ಹರಡುವುದಿಲ್ಲ. ಆ ಕತ್ತರಿ ರೋಗಕ್ಕಲ್ಲ, ನಮ್ಮ ಮಾನಕ್ಕೆ.

ಕಜ್ಜಿ ಹಾಗಲ್ಲ. ಕೆರೆದ ಗಾಯಕ್ಕೆ ಸ್ಟ್ರೆಪ್ಟೋಕಾಕಸ್ ಎಂಬ ಕ್ರಿಮಿ ಹೊಕ್ಕರೆ ಕೀವಾಗುತ್ತದೆ, ಕೆಲವು ಮಕ್ಕಳಲ್ಲಿ ಅದು ಕೆಲವು ವಾರದ ಮೇಲೆ ಮೂತ್ರಪಿಂಡವನ್ನೇ ಊದಿಸುತ್ತದೆ. ಬೆಳಿಗ್ಗೆ ಎದ್ದಾಗ ಮಗುವಿನ ಮುಖ ಬಾತಿದ್ದರೆ, ಉಚ್ಚೆ ಕಡಿಮೆಯಾಗಿ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಆವತ್ತೇ ಆಸ್ಪತ್ರೆ. ಸೋಪು ನೀರಿಗೆ ಕೆಲಸವಿರುವುದು ಇಲ್ಲಿ, ಗಾಯ ಚೊಕ್ಕಟವಾಗಿಡುವುದರಲ್ಲಿ. ಕಜ್ಜಿಗೇನು ಸಾಯ್ತಾರಾ ಅಂತ ಕೇಳುವವರಿಗೆ ಇದು ಉತ್ತರ.

ಈಗ ಕೆಲಸ. ವರ್ಷಕ್ಕೊಂದು ಸಲ ಆರೋಗ್ಯ ಶಿಬಿರ ಮಾಡಿ, ಫೋಟೋ ತೆಗೆಸಿಕೊಂಡು, ಕಜ್ಜಿಗೆ ತಲಾ ಒಂದು ಟ್ಯೂಬು ಹಂಚಿ ಹೋಗುವ ಪದ್ಧತಿಯನ್ನು ನಾವು ಒಪ್ಪಬಾರದು. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲು, ಹಿಂದುಳಿದ ವರ್ಗದ ಹಾಸ್ಟೆಲು, ಮೊರಾರ್ಜಿ ಶಾಲೆ ಯಾವುದೇ ಆಗಲಿ, ಒಬ್ಬ ಹುಡುಗನಿಗೆ ಕಜ್ಜಿ ಕಂಡರೆ ಅಡುಗೆಯವರೂ ವಾರ್ಡನ್ನೂ ಸೇರಿದಂತೆ ಇಡೀ ಹಾಸ್ಟೆಲಿಗೆ ಒಂದೇ ರಾತ್ರಿ ಔಷಧಿ, ವಾರದ ಮೇಲೆ ಮತ್ತೊಂದು ಸುತ್ತು, ಎರಡಕ್ಕೂ ಸಾಕಾಗುವಷ್ಟು ದಾಸ್ತಾನು ಬೇಕೆಂದು ತಾಲ್ಲೂಕು ಆರೋಗ್ಯಾಧಿಕಾರಿಗೆ ಬರೆದು ಕೊಡಿ. ಎಷ್ಟು ತಲೆ, ಎಷ್ಟು ಗ್ರಾಂ ಎಂದು ಲೆಕ್ಕ ಹಾಕಿ ಬರೆಯಿರಿ. ಲೆಕ್ಕ ನೋಡಿದರೆ ಅವರು ಹೆದರುತ್ತಾರೆ, ಬೈಗುಳಕ್ಕೆ ಹೆದರುವುದಿಲ್ಲ. ಒಬ್ಬ ಹುಡುಗನಿಗೆ ಒಂದು ಮಂಚ ಎಂಬ ಬೇಡಿಕೆಯನ್ನು ಅದೇ ಅರ್ಜಿಯಲ್ಲಿ ಸೇರಿಸಿ, ಅದು ಮುಲಾಮಿಗಿಂತ ದೊಡ್ಡ ಔಷಧಿ. ಔಷಧಿ ಹಚ್ಚುವುದು ಕೋಣೆಯೊಳಗೆ, ಬಾಗಿಲು ಹಾಕಿ, ತನ್ನ ಕೈಯಲ್ಲಿ ತಾನೇ. ಬೆನ್ನಿಗೆ ಮಾತ್ರ ಗೆಳೆಯ. ಸುಣ್ಣದ ಬ್ರಷ್ಷು ಕಂಡರೆ ಕಿತ್ತು ಎಸೆಯಿರಿ. ಊರಿಗೆ ರಜಕ್ಕೆ ಹೋಗುವ ಹುಡುಗನ ಕೈಯಲ್ಲಿ ಮನೆಯವರಿಗೂ ಆಗುವಷ್ಟು ಮುಲಾಮು ಕಳಿಸಬೇಕು, ಇಲ್ಲದಿದ್ದರೆ ಹಬ್ಬ ಮುಗಿಸಿ ಬರುವಾಗ ನುಸಿಯನ್ನೂ ಕರೆದುಕೊಂಡು ಬರುತ್ತಾನೆ.

ಮೇಷ್ಟ್ರುಗಳಲ್ಲಿ ನಮ್ಮವರು ಈಗ ಬಹಳ ಮಂದಿ ಇದ್ದಾರೆ. ಔಷಧಿ ಹಚ್ಚಿದ ಮಾರನೇ ದಿನ ಹುಡುಗ ಶಾಲೆಗೆ ಬರಬಹುದು, ಮುಂದಿನ ಬೆಂಚಿನಲ್ಲೇ ಕೂರಬಹುದು ಎಂದು ನೀವು ತರಗತಿಯಲ್ಲಿ ಎಲ್ಲರ ಮುಂದೆ ಹೇಳಬೇಕು. ಸರಿಯಾಗಿ ಹಚ್ಚಿದ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಇರುತ್ತದೆಂದು ತಾಯಂದಿರಿಗೂ ತಿಳಿಸಿ. ಸತ್ತ ನುಸಿ ಚರ್ಮದಿಂದ ಉದುರುವವರೆಗೆ ಮೈಯ ಸಿಟ್ಟು ಇಳಿಯುವುದಿಲ್ಲ. ಆ ದಿನಗಳಲ್ಲೇ ನಮ್ಮವರು ಮುಲಾಮು ಸೋತಿತು ಅಂತ ಮೂಲೆಯ ಡಬ್ಬಕ್ಕೆ ಕೈ ಹಾಕುವುದು. ನಾಲ್ಕು ವಾರ ದಾಟಿಯೂ ಹೊಸ ಗುಳ್ಳೆ ಏಳುತ್ತಿದ್ದರೆ ಮನೆಯಲ್ಲಿ ಯಾರೋ ಒಬ್ಬರು ಹಚ್ಚಿಕೊಂಡಿಲ್ಲ ಅಂತ ಅರ್ಥ, ಅಥವಾ ಬೇರೆ ಔಷಧಿ ಬೇಕು ಅಂತ. ಆಗ ಇಡೀ ಮನೆಯನ್ನೇ ಕರೆದುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಒಂದೇ ಟ್ಯೂಬು ಕೊಟ್ಟರೆ ತೆಗೆದುಕೊಳ್ಳದೆ ಅಲ್ಲೇ ಕೂತ್ಕಳಿ.